7,197 ಓಟು: ನ್ಯೂಯಾರ್ಕ್ ಮೇಯರ್ ಪ್ರೈಮರಿಯಲ್ಲಿ ನನ್ನ ಮೊದಲ ಓಟು

2021ರ ಜುಲೈ 20, ಮಂಗಳವಾರ ಪ್ರೈಮರಿಯ ಅಂತಿಮ ಲೆಕ್ಕ ಬಂತು. ಪ್ರೈಮರಿ ಅಂದರೆ ಒಂದು ಪಕ್ಷದ ಅಭ್ಯರ್ಥಿ ಯಾರು ಅಂತ ಮೊದಲೇ ಆರಿಸುವ ಚುನಾವಣೆ. ಇದು ಡೆಮಾಕ್ರಟಿಕ್ ಪಕ್ಷದ್ದು. ಎರಿಕ್ ಆಡಮ್ಸ್ 4,04,513. ಕ್ಯಾಥರಿನ್ ಗಾರ್ಸಿಯಾ 3,97,316. ಕಾಗದದ ಮೇಲೆ ಕಳೆದು ನೋಡಿದೆ. 7,197. ಎಂಟು ಲಕ್ಷ ಓಟಿನಲ್ಲಿ ಇಷ್ಟೇ ವ್ಯತ್ಯಾಸ. ನಾನು ಕೆಲಸ ಮಾಡಿದ್ದು ಗಾರ್ಸಿಯಾ ಪರವಾಗಿ. ಇದು ನನ್ನ ಜೀವನದಲ್ಲಿ ಈ ದೇಶದ ಮೊದಲ ಓಟು ಕೂಡ. ಇಲ್ಲಿಗೆ ಹೊಸದಾಗಿ ಬಂದು ಸಿಟಿಜನ್ ಆಗುತ್ತಿರುವ ಕನ್ನಡದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಯಾರೂ ಹೇಳದ ವಿಷಯಗಳು ಅವರಿಗಾದರೂ ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲಿನಿಂದ ಹೇಳುತ್ತೇನೆ. ಮದುವೆಯಾಗಿ 2014ರಲ್ಲಿ ಬೆಂಗಳೂರಿನಿಂದ ನ್ಯೂಯಾರ್ಕ್‌ನ ಕ್ವೀನ್ಸ್‌ಗೆ ಬಂದೆ. ಗಂಡ ಇಲ್ಲೇ ಬೆಳೆದವರು, ಸಿಟಿಜನ್. ಹಾಗಾಗಿ ನಾನು ಎಷ್ಟೋ ಮುಂಚೆಯೇ ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ. ಭಾರತದ ಪಾಸ್‌ಪೋರ್ಟ್ ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಕೊನೆಗೆ 2020ರ ಜನವರಿಯಲ್ಲಿ ಅರ್ಜಿ ಹಾಕಿದೆ. ಶುಲ್ಕ 640 ಡಾಲರ್, ಬೆರಳಚ್ಚಿಗೆ 85, ಒಟ್ಟು 725. ಎರಡು ತಿಂಗಳಿಗೆ ಕೊರೋನಾ ಬಂತು. ಕಚೇರಿಗಳೆಲ್ಲ ಮುಚ್ಚಿದವು. ಒಂದು ವರ್ಷ ಬರೀ ಕಾಯುವುದೇ ಆಯಿತು. 2021ರ ಜನವರಿಯಲ್ಲಿ ಸಂದರ್ಶನ. ಆಗ ನೂರು ಪ್ರಶ್ನೆಗಳ ಪಟ್ಟಿಯಿಂದ ಹತ್ತು ಕೇಳುತ್ತಿದ್ದರು, ಆರಕ್ಕೆ ಸರಿ ಉತ್ತರ ಕೊಟ್ಟರೆ ಸಾಕಿತ್ತು. ಮಾರ್ಚ್‌ನಲ್ಲಿ ಪ್ರಮಾಣವಚನ.

ಪ್ರಮಾಣ ಮಾಡುವಾಗ ನನ್ನ ಗಂಟಲು ಕಟ್ಟಿತು. ಸಂತೋಷವೋ ದುಃಖವೋ ಈಗಲೂ ಹೇಳಲಾರೆ. ಹೊರಗೆ ಬರುವಾಗ ಕೈಗೆ ಒಂದು ಫಾರಂ ಕೊಟ್ಟರು. ಮತದಾರರ ನೋಂದಣಿ ಅರ್ಜಿ.

ಈ ಫಾರಂ ಬಗ್ಗೆ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಅದರಲ್ಲಿ ನೀವು ಯಾವ ಪಕ್ಷಕ್ಕೆ ಸೇರುತ್ತೀರಿ ಅಂತ ಒಂದು ಪ್ರಶ್ನೆ ಇದೆ. ಭಾರತದಿಂದ ಬಂದವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ನಮ್ಮ ಓಟು ಗುಟ್ಟಾಗಿ ಇರಬೇಕಲ್ವಾ, ಸರ್ಕಾರಕ್ಕೆ ಯಾಕೆ ಹೇಳಬೇಕು? ಹೀಗೆ ಯೋಚಿಸಿ ತುಂಬ ಜನ 'ಯಾವ ಪಕ್ಷವೂ ಇಲ್ಲ' ಅನ್ನುವುದಕ್ಕೆ ಗುರುತು ಹಾಕುತ್ತಾರೆ. ನನ್ನ ಗಂಡನೂ ಹದಿನೆಂಟು ತುಂಬಿದಾಗ ಹಾಗೇ ಮಾಡಿದ್ದರು. ನ್ಯೂಯಾರ್ಕ್‌ನಲ್ಲಿ ಪಕ್ಷಕ್ಕೆ ನೋಂದಾಯಿಸಿದವರು ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಓಟು ಹಾಕಬಹುದು. ಈ ಊರಿನಲ್ಲಿ ಡೆಮಾಕ್ರಟಿಕ್ ಮತದಾರರೇ ಜಾಸ್ತಿ. ಹಾಗಾಗಿ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಗೆದ್ದವರು ಮೇಯರ್ ಆಗುವುದು ಹೆಚ್ಚುಕಡಿಮೆ ಖಚಿತ. ಅಂದರೆ ನಿಜವಾದ ಚುನಾವಣೆ ಜೂನ್‌ನಲ್ಲೇ ಮುಗಿದುಹೋಗುತ್ತದೆ.

ಗಂಡ ಬದಲಾಯಿಸೋಣ ಅಂತ ಹೊರಟಾಗ ಏಪ್ರಿಲ್. ಪಕ್ಷ ಬದಲಾಯಿಸಲು ಕೊನೆಯ ದಿನ ಫೆಬ್ರವರಿ 14 ಆಗಿತ್ತು. ಹೊಸದಾಗಿ ನೋಂದಾಯಿಸುವವರಿಗೆ ಮಾತ್ರ ಮೇ 28ರ ತನಕ ಸಮಯ. ಮೂವತ್ತು ವರ್ಷ ಇಲ್ಲೇ ಇದ್ದವರಿಗೆ ಓಟಿಲ್ಲ, ಮೊನ್ನೆ ಪ್ರಮಾಣ ಮಾಡಿದ ನನಗೆ ಇದೆ! ಅವರು ಬೇಜಾರು ಮಾಡಿಕೊಂಡು ಎರಡು ದಿನ ಆ ವಿಷಯವನ್ನೇ ಎತ್ತಲಿಲ್ಲ.

ಗಾರ್ಸಿಯಾ ಯಾಕೆ ಅಂತ ಎಲ್ಲರೂ ಕೇಳಿದರು. ಅವರು ಎಂದೂ ಚುನಾವಣೆಯಲ್ಲಿ ಗೆದ್ದವರಲ್ಲ. 2014ರಿಂದ 2020ರ ತನಕ ಈ ಊರಿನ ಕಸ ವಿಲೇವಾರಿ ಇಲಾಖೆಯ ಮುಖ್ಯಸ್ಥೆ. ಕೊರೋನಾ ಬಂದಾಗ ಹಸಿದವರಿಗೆ ಊಟ ತಲುಪಿಸುವ ಜವಾಬ್ದಾರಿಯೂ ಅವರ ಹೆಗಲಿಗೆ ಬಂತು. ಇಲಾಖೆಗೆ ದುಡ್ಡು ಕಡಿತ ಮಾಡಿದ್ದನ್ನು ಟೀಕಿಸಿ ಕೆಲಸ ಬಿಟ್ಟು ಹೊರಬಂದರು.

ಕಸ ಅಂದರೆ ನನಗೆ ಬೆಂಗಳೂರು. 2012ರಲ್ಲಿ ಮಂಡೂರಿನ ಜನ ಕಸದ ಲಾರಿ ತಡೆದು ನಿಲ್ಲಿಸಿದ್ದು ನಿಮಗೂ ನೆನಪಿರಬಹುದು. ಊರಿನ ಕಸವನ್ನೆಲ್ಲ ತಂದು ತಮ್ಮ ಹಳ್ಳಿಗೆ ಸುರಿದರೆ ಅವರು ಇನ್ನೇನು ಮಾಡಬೇಕಿತ್ತು? ಆಗ ನಮ್ಮ ಬೀದಿಯ ಮೂಲೆಯಲ್ಲಿ ಕಸ ಸೊಂಟದೆತ್ತರಕ್ಕೆ ಬಿದ್ದಿತ್ತು. ಮಳೆ ಬಂದು ಅದೆಲ್ಲ ನಮ್ಮ ಗೇಟಿನೊಳಗೆ ಹರಿದು ಬಂತು. ಕಸ ಎತ್ತುವುದನ್ನು ಸರಿಯಾಗಿ ನಡೆಸುವುದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಅವತ್ತೇ ಗೊತ್ತಾಯಿತು. ಅದನ್ನು ಈ ದೊಡ್ಡ ಊರಿನಲ್ಲಿ ಆರು ವರ್ಷ ಮಾಡಿದ ಹೆಂಗಸು ಮೇಯರ್ ಸ್ಥಾನಕ್ಕೆ ನಿಂತಿದ್ದಾರೆ ಅಂದಾಗ ನನಗೆ ಬೇರೆ ಕಾರಣ ಬೇಕಾಗಲಿಲ್ಲ. ನ್ಯೂಯಾರ್ಕ್‌ಗೆ ಇವತ್ತಿನ ತನಕ ಮಹಿಳೆ ಮೇಯರ್ ಆಗಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಇನ್ನೊಂದು ಮಾತು. ಬೆಂಗಳೂರಿನಲ್ಲಿ ನಾನು ಯಾವತ್ತೂ ಮೇಯರ್‌ಗೆ ಓಟು ಹಾಕಿಲ್ಲ, ನೀವೂ ಹಾಕಿಲ್ಲ. ನಾನಿದ್ದಾಗ ಅಲ್ಲಿ ಕಾರ್ಪೊರೇಟರ್‌ಗಳು ಸೇರಿ ಒಂದು ವರ್ಷಕ್ಕೆ ಒಬ್ಬರನ್ನು ಆರಿಸುತ್ತಿದ್ದರು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಅವಧಿ ಮುಗಿದಿತ್ತು, 2021ರಲ್ಲಿ ಅಲ್ಲಿ ಮೇಯರೂ ಇರಲಿಲ್ಲ, ಕಾರ್ಪೊರೇಟರ್‌ಗಳೂ ಇರಲಿಲ್ಲ. ಹಾಗಾಗಿ ನನ್ನ ಊರಿನ ಮೇಯರ್ ಯಾರಾಗಬೇಕು ಅಂತ ನನ್ನನ್ನೇ ಕೇಳುತ್ತಿದ್ದಾರೆ ಅನ್ನುವುದು ನನಗೆ ಬಹಳ ದೊಡ್ಡ ವಿಷಯವಾಗಿತ್ತು.

ಏಪ್ರಿಲ್ ಕೊನೆಗೆ ಬೆಂಗಳೂರಿನಲ್ಲಿ ಎರಡನೇ ಅಲೆ. ಮೇ ಮೊದಲ ವಾರ ಅಪ್ಪನಿಗೆ ಪಾಸಿಟಿವ್ ಬಂತು. ಹಾಸಿಗೆ ಸಿಗುತ್ತಾ, ಆಕ್ಸಿಜನ್ ಸಿಗುತ್ತಾ ಅಂತ ತಮ್ಮ ರಾತ್ರಿಯಿಡೀ ಫೋನು ಮಾಡುತ್ತಿದ್ದ. ನಾನು ಹೊರಡಲು ಆಗಲಿಲ್ಲ. ಪ್ರಮಾಣವಚನ ಆದ ಕ್ಷಣದಿಂದ ಭಾರತದ ಪಾಸ್‌ಪೋರ್ಟ್ ಬಳಸುವ ಹಾಗಿಲ್ಲ. ಅದನ್ನು ಒಪ್ಪಿಸಿ, ಆಮೇಲೆ ಓಸಿಐ ಕಾರ್ಡಿಗೆ (ಬೇರೆ ದೇಶದ ಸಿಟಿಜನ್ ಆದ ಭಾರತ ಮೂಲದವರಿಗೆ ಕೊಡುವ ಕಾರ್ಡು) ಅರ್ಜಿ ಹಾಕಬೇಕು. ಕಾರ್ಡಿಗೆ 275 ಡಾಲರ್, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ನನ್ನ ಅರ್ಜಿ ಇನ್ನೂ ಎಲ್ಲೋ ಸಾಲಿನಲ್ಲಿತ್ತು. ದಯವಿಟ್ಟು ಕೇಳಿ: ಮನೆಯಲ್ಲಿ ವಯಸ್ಸಾದವರಿದ್ದರೆ, ಪ್ರಮಾಣವಚನದ ದಿನಕ್ಕೆ ಮುಂಚೆಯೇ ಓಸಿಐ ಕಾಗದಗಳನ್ನೆಲ್ಲ ಜೋಡಿಸಿಡಿ. ಮದುವೆ ಪ್ರಮಾಣಪತ್ರ, ಹಳೆಯ ಪಾಸ್‌ಪೋರ್ಟ್ ಪ್ರತಿ, ವಿಳಾಸದ ದಾಖಲೆ, ಫೋಟೋ. ಸರ್ಟಿಫಿಕೇಟ್ ಕೈಗೆ ಬಂದ ವಾರವೇ ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕಿ. ನಾನು ಮೂರು ವಾರ ಸುಮ್ನೆ ಕಳೆದೆ. ಆ ಮೂರು ವಾರ ಮೇ ತಿಂಗಳಲ್ಲಿ ನನ್ನನ್ನು ತಿಂದುಹಾಕಿತು.

ಅಪ್ಪ ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಆ ಹನ್ನೊಂದು ದಿನ ಕೈಗೆ ಏನಾದರೂ ಕೆಲಸ ಬೇಕಿತ್ತು, ಇಲ್ಲದಿದ್ದರೆ ತಲೆ ಕೆಡುತ್ತಿತ್ತು. ಹಾಗೆ ನಾನು ಗಾರ್ಸಿಯಾ ಪ್ರಚಾರಕ್ಕೆ ವಾಲಂಟಿಯರ್ ಆಗಿ ಸೇರಿದೆ. ಮೇ 10ರಂದು ನ್ಯೂಯಾರ್ಕ್ ಟೈಮ್ಸ್ ಅವರನ್ನು ಬೆಂಬಲಿಸಿತ್ತು. ಅಲ್ಲಿಯ ತನಕ ಹೆಸರೇ ಕೇಳದವರು ಕೂಡ ಆಮೇಲೆ ಯಾರಿವರು ಅಂತ ತಿರುಗಿ ನೋಡತೊಡಗಿದ್ದರು. ಸಂಜೆ ಆರರಿಂದ ಎಂಟೂವರೆ ತನಕ ಫೋನು. ಕಂಪ್ಯೂಟರ್ ಒಂದಾದ ಮೇಲೊಂದು ನಂಬರ್ ಕೊಡುತ್ತದೆ. ಹತ್ತರಲ್ಲಿ ಎಂಟು ಜನ ಎತ್ತುವುದಿಲ್ಲ, ಒಬ್ಬರು ಬೈಯುತ್ತಾರೆ, ಒಬ್ಬರು ಮಾತಾಡುತ್ತಾರೆ. ಆ ಒಬ್ಬರಿಗಾಗಿ ಕೂತಿರಬೇಕು.

ದುಡ್ಡಿನ ವಿಷಯ ಕೂಡ ಹೇಳಿಬಿಡುತ್ತೇನೆ. ನಾನು 50 ಡಾಲರ್ ಕೊಟ್ಟೆ. ಇಲ್ಲಿ ಒಂದು ವ್ಯವಸ್ಥೆ ಇದೆ: ಅದಕ್ಕೆ ಸೇರಿದ ಅಭ್ಯರ್ಥಿಗೆ ಊರಿನ ನಿವಾಸಿ ಕೊಟ್ಟ ಒಂದು ಡಾಲರಿಗೆ ನಗರದ ಖಜಾನೆ ಎಂಟು ಡಾಲರ್ ಸೇರಿಸುತ್ತದೆ. ಮೇಯರ್ ಸ್ಪರ್ಧೆಯಲ್ಲಿ ಒಬ್ಬರ ಕಡೆಯಿಂದ 250 ಡಾಲರ್ ತನಕ ಹೀಗೆ ಸೇರುತ್ತದೆ. ಅಂದರೆ ನನ್ನ 50 ಹೋಗಿ 450 ಆಯಿತು. ಗ್ರೀನ್ ಕಾರ್ಡ್ ಇರುವವರು ಓಟು ಹಾಕಲಾಗದಿದ್ದರೂ ಹೀಗೆ ದೇಣಿಗೆ ಕೊಡಬಹುದು. ಇದು ನನಗೆ ಏಳು ವರ್ಷ ಗೊತ್ತೇ ಇರಲಿಲ್ಲ.

ಈ ಸಲದ ದೊಡ್ಡ ಗೊಂದಲ ಓಟು ಹಾಕುವ ರೀತಿಯದ್ದೇ. 2019ರಲ್ಲಿ ಜನ ಒಪ್ಪಿದ ಹೊಸ ಪದ್ಧತಿ, ಮೇಯರ್ ಚುನಾವಣೆಯಲ್ಲಿ ಇದೇ ಮೊದಲು. ಒಬ್ಬರಿಗೆ ಮಾತ್ರ ಅಲ್ಲ, ಐದು ಜನರಿಗೆ ಕ್ರಮವಾಗಿ ಓಟು ಹಾಕಬಹುದು. ಮೊದಲ ಆಯ್ಕೆ, ಎರಡನೆಯದು, ಹೀಗೆ. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕಡೆಯಲ್ಲಿರುವವರನ್ನು ಕೈಬಿಡುತ್ತಾರೆ. ಅವರಿಗೆ ಬಿದ್ದ ಓಟು ಅದೇ ಚೀಟಿಯಲ್ಲಿರುವ ಮುಂದಿನ ಹೆಸರಿಗೆ ಹೋಗುತ್ತದೆ. ಬ್ಯಾಲೆಟ್‌ನಲ್ಲಿ ಹದಿಮೂರು ಹೆಸರಿತ್ತು. ಇದನ್ನು ಫೋನಿನಲ್ಲಿ ಇಂಗ್ಲಿಷ್‌ನಲ್ಲಿ ವಿವರಿಸುವಷ್ಟರಲ್ಲಿ ಜನ ಇಟ್ಟುಬಿಡುತ್ತಿದ್ದರು.

ಒಂದು ದಿನ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಇದನ್ನು ಹೇಳುತ್ತಿದ್ದೆ. ಇನ್ನೂ ಕೆಮ್ಮು ಇತ್ತು, ಹಾಸಿಗೆಯಲ್ಲಿ ಒರಗಿ ಕೂತಿದ್ದರು. ಅರ್ಧಕ್ಕೇ ತಡೆದು, "ಪ್ರಾಶಸ್ತ್ಯದ ಮತ ಅಲ್ವಾ ಇದು?" ಅಂದರು. ಅಪ್ಪ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರಕ್ಕೆ ಎಷ್ಟೋ ಸಲ 1, 2, 3 ಅಂತ ಬರೆದು ಓಟು ಹಾಕಿದ್ದರು. ಪದವೀಧರರ ಕ್ಷೇತ್ರಕ್ಕೂ ಅದೇ ಪದ್ಧತಿ. ನಾನೇ ಪದವೀಧರೆ, ಆದರೆ ಅಲ್ಲಿ ಒಮ್ಮೆಯೂ ಹೆಸರು ನೋಂದಾಯಿಸಿರಲಿಲ್ಲ. ಅವತ್ತಿನಿಂದ ಕನ್ನಡದವರು ಯಾರೇ ಸಿಕ್ಕಿದರೂ "ನಮ್ಮ ಎಂಎಲ್‌ಸಿ ಎಲೆಕ್ಷನ್ ಇದ್ದ ಹಾಗೆ" ಅಂತ ಶುರು ಮಾಡುತ್ತಿದ್ದೆ. ಒಂದೇ ನಿಮಿಷದಲ್ಲಿ ಅರ್ಥವಾಗುತ್ತಿತ್ತು.

ಶನಿವಾರ ಭಾನುವಾರ ಫ್ಲಶಿಂಗ್‌ನ ಬೌನ್ ಸ್ಟ್ರೀಟ್‌ನಲ್ಲಿರುವ ಗಣೇಶನ ಗುಡಿಯ ಕಡೆ ಹೋಗುತ್ತಿದ್ದೆ. ನಮ್ಮವರು ಸಿಗುವುದು ಅಲ್ಲೇ. ಗುಡಿಯ ಒಳಗೆ ಚೀಟಿ ಹಂಚುವ ಹಾಗಿಲ್ಲ. ಇಲ್ಲಿ ತೆರಿಗೆ ವಿನಾಯಿತಿ ಇರುವ ಧಾರ್ಮಿಕ ಸಂಸ್ಥೆಗಳು ಯಾವ ಅಭ್ಯರ್ಥಿಯ ಪರವೂ ಪ್ರಚಾರ ಮಾಡಬಾರದು. ಹಾಗಾಗಿ ದೂರದಲ್ಲಿ ಫುಟ್‌ಪಾತ್ ಮೇಲೆ ನಿಂತು ಮಾತಾಡುತ್ತಿದ್ದೆ. ಮತಗಟ್ಟೆಯ ಹತ್ತಿರವೂ ಅಷ್ಟೇ, ಬಾಗಿಲಿನಿಂದ ನೂರು ಅಡಿ ಆಚೆ ನಿಲ್ಲಬೇಕು. ಬ್ಯಾಡ್ಜ್ ಹಾಕಿಕೊಂಡು ಒಳಗೆ ಓಟು ಹಾಕಲು ಹೋಗುವ ಹಾಗೂ ಇಲ್ಲ.

ನಾನು ಓಟು ಹಾಕಿದ್ದು ಜೂನ್ 12, ಮುಂಗಡ ಮತದಾನದ ಮೊದಲ ದಿನ. ಮುಂಗಡ ಮತದಾನದ ಜಾಗ ಬೇರೆ, ಚುನಾವಣೆ ದಿನದ ಜಾಗ ಬೇರೆ ಇರಬಹುದು. ಹೊರಡುವ ಮುಂಚೆ ನಿಮ್ಮ ವಿಳಾಸ ಹಾಕಿ ನೋಡಿಕೊಳ್ಳಿ. ನಾನು ಮೊದಲು ತಪ್ಪು ಶಾಲೆಗೆ ಹೋಗಿ ಬಿಸಿಲಲ್ಲಿ ಹನ್ನೆರಡು ಬ್ಲಾಕ್ ನಡೆದೆ. ಒಳಗೆ ಬಾಸ್ಕೆಟ್‌ಬಾಲ್ ಕೋರ್ಟು, ಮೇಜುಗಳು, ವಯಸ್ಸಾದ ಸಿಬ್ಬಂದಿ. ಕ್ವೀನ್ಸ್‌ನ ಬ್ಯಾಲೆಟ್ ಇಂಗ್ಲಿಷ್ ಜೊತೆಗೆ ಸ್ಪ್ಯಾನಿಷ್, ಚೈನೀಸ್, ಕೊರಿಯನ್, ಬಂಗಾಳಿಯಲ್ಲೂ ಇರುತ್ತದೆ. ಬಂಗಾಳಿ ಅಕ್ಷರ ನೋಡಿ ಯಾಕೋ ಮನೆಯವರನ್ನೇ ಕಂಡ ಹಾಗಾಯಿತು. ಮೊದಲ ಸಾಲಿನಲ್ಲಿ ಗಾರ್ಸಿಯಾ, ಎರಡರಲ್ಲಿ ಮಾಯಾ ವೈಲಿ. ಉಳಿದ ಮೂರನ್ನೂ ತುಂಬಿದೆ. ಸ್ಕ್ಯಾನರ್ ಕಾಗದವನ್ನು ಒಳಗೆಳೆದುಕೊಂಡ ಸದ್ದು ಈಗಲೂ ಕಿವಿಯಲ್ಲಿದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಜೂನ್ 19ರಂದು ಗಾರ್ಸಿಯಾ ಮತ್ತು ಇನ್ನೊಬ್ಬ ಅಭ್ಯರ್ಥಿ ಆಂಡ್ರ್ಯೂ ಯಾಂಗ್ ಒಟ್ಟಿಗೆ ಪ್ರಚಾರ ಮಾಡಿದರು. ಯಾಂಗ್ ತನ್ನ ಬೆಂಬಲಿಗರಿಗೆ ಎರಡನೇ ಓಟು ಗಾರ್ಸಿಯಾಗೆ ಹಾಕಿ ಅಂದರು. ನಮ್ಮ ಕಡೆ ಯಾಂಗ್ ಅಂದರೆ ತುಂಬ ಜನಕ್ಕೆ ಪ್ರೀತಿ. ನನಗೆ ಆಸೆ ಹುಟ್ಟಿದ್ದೇ ಅವತ್ತು.

ಜೂನ್ 22 ರಾತ್ರಿ ಮೊದಲ ಆಯ್ಕೆಯ ಲೆಕ್ಕ ಮಾತ್ರ ಬಂತು. ಆಡಮ್ಸ್ ಮುಂದೆ, ವೈಲಿ ಎರಡನೆಯವರು, ಗಾರ್ಸಿಯಾ ಮೂರನೆಯವರು. ಯಾಂಗ್ ಅವತ್ತೇ ಸೋಲು ಒಪ್ಪಿಕೊಂಡರು. ಅಲ್ಲಿಂದ ಎರಡು ವಾರ ನಾವು ಅನುಭವಿಸಿದ್ದು ಹೇಳತೀರದು.

ಜೂನ್ 29ರ ಮಧ್ಯಾಹ್ನ ಸುತ್ತಿನ ಲೆಕ್ಕ ಹಾಕಿದರು. ಗಾರ್ಸಿಯಾ ಎರಡನೇ ಸ್ಥಾನಕ್ಕೆ ಬಂದಿದ್ದರು! ನಾವು ವಾಲಂಟಿಯರ್‌ಗಳು ಫೋನಿನಲ್ಲೇ ಕಿರುಚಾಡಿದೆವು. ಸಂಜೆಯ ಹೊತ್ತಿಗೆ ಲೆಕ್ಕದಲ್ಲಿ ಏನೋ ತಪ್ಪಿದೆ ಅಂದರು. ರಾತ್ರಿ ಗೊತ್ತಾಯಿತು, ಯಂತ್ರ ಪರೀಕ್ಷೆಗೆ ಬಳಸಿದ್ದ ಸುಮಾರು 1,35,000 ಓಟುಗಳು ನಿಜವಾದ ಓಟಿನ ಜೊತೆ ಸೇರಿಹೋಗಿದ್ದವು. ಪೂರ್ತಿ ಲೆಕ್ಕವನ್ನೇ ವಾಪಸ್ ತೆಗೆದುಕೊಂಡರು. ಆ ರಾತ್ರಿ ನನಗೆ ಬಂದಷ್ಟು ಸಿಟ್ಟು ಈ ಏಳು ವರ್ಷದಲ್ಲಿ ಬಂದಿರಲಿಲ್ಲ. ಮರುದಿನ ಹೊಸ ಲೆಕ್ಕ: ಆಡಮ್ಸ್ 14,755 ಓಟು ಮುಂದೆ. ಇನ್ನೂ ಎದೆ ನಡುಗಿಸಿದ್ದು ಅದರ ಹಿಂದಿನ ಸುತ್ತು. ಗಾರ್ಸಿಯಾ ವೈಲಿಗಿಂತ ಮುಂದಿದ್ದದ್ದು ಬರೀ 347 ಓಟಿನಿಂದ. ಅಂಚೆಯಲ್ಲಿ ಬಂದ ಸುಮಾರು 1,25,000 ಓಟು ಇನ್ನೂ ಎಣಿಸಬೇಕಿತ್ತು.

ಅಂಚೆ ಓಟಿನಲ್ಲಿ ಏನಾಗುತ್ತದೆ ಅಂತ ಗಮನವಿಟ್ಟು ಓದಿ. ಎರಡು ಲಕೋಟೆ ಇರುತ್ತವೆ. ಬ್ಯಾಲೆಟ್ ಹಾಕುವ ಒಳ ಲಕೋಟೆಯ ಮೇಲೆ ಸಹಿ ಹಾಕಬೇಕು, ತಾರೀಕು ಬರೆಯಬೇಕು, ಅಂಟಿಸಬೇಕು. ಆಮೇಲೆ ಅದನ್ನು ಹೊರ ಲಕೋಟೆಗೆ ಹಾಕಬೇಕು. ಬಹಳ ಜನ ಹೊರಗಿನದ್ದನ್ನು ಮಾತ್ರ ಅಂಟಿಸಿ ಕಳಿಸುತ್ತಾರೆ, ಸಹಿ ಮರೆಯುತ್ತಾರೆ. ಸಹಿ ಇಲ್ಲದಿದ್ದರೆ ನಿಮಗೆ ಒಂದು ಪತ್ರ ಬರುತ್ತದೆ. ಜೊತೆಗೆ ಬರುವ ಫಾರಂಗೆ ಸಹಿ ಹಾಕಿ ಹೇಳಿದ ದಿನದೊಳಗೆ ಕಳಿಸಿದರೆ ಓಟು ಉಳಿಯುತ್ತದೆ. ನಾವು ಆ ವಾರ ಇಂಥವರನ್ನು ಹುಡುಕಿ ಹುಡುಕಿ ಫೋನು ಮಾಡಿದೆವು. ಒಬ್ಬ ಅಜ್ಜ ಆ ಪತ್ರವನ್ನು ಜಾಹೀರಾತು ಅಂದುಕೊಂಡು ಕಸಕ್ಕೆ ಹಾಕಿದ್ದರು. ಇನ್ನೊಬ್ಬರು ನಾನು ಹೇಳಿದ್ದನ್ನು ಕೇಳಿ ಅಲ್ಲೇ ಸಹಿ ಹಾಕಿ, ಲಕೋಟೆ ಅಂಟಿಸುವ ತನಕ ಫೋನು ಇಡಬೇಡ ಅಂದರು.

ಜುಲೈ 6ರ ಲೆಕ್ಕದಲ್ಲಿ 14,755 ಇಳಿದು 8,426 ಆಯಿತು, ಜುಲೈ 20ರ ಅಂತಿಮ ಲೆಕ್ಕದಲ್ಲಿ 7,197. ಅಂಚೆ ಓಟು ಅಂತರವನ್ನು ಅರ್ಧ ಮಾಡಿತ್ತು. ಆದರೆ ಅರ್ಧ ಸಾಕಾಗಲಿಲ್ಲ.

ಅದಕ್ಕಿಂತ ನೋವು ಕೊಟ್ಟ ಅಂಕಿ ಇನ್ನೊಂದು. ಕೊನೆಯ ಸುತ್ತಿನ ಹೊತ್ತಿಗೆ ಲೆಕ್ಕದಿಂದ ಹೊರಗೆ ಹೋದ ಓಟು 1,40,000ಕ್ಕೂ ಜಾಸ್ತಿ. ಅಂದರೆ ಆ ಚೀಟಿಗಳಲ್ಲಿ ಆಡಮ್ಸ್ ಹೆಸರೂ ಇರಲಿಲ್ಲ, ಗಾರ್ಸಿಯಾ ಹೆಸರೂ ಇರಲಿಲ್ಲ. ಆ ವಾರಾಂತ್ಯ ನಮ್ಮ ಮನೆಗೆ ಮೈಸೂರು ಕಡೆಯ ಆಂಟಿ ಬಂದಿದ್ದರು. ನಾನೇ ಮೂರು ಸಲ ಹೇಳಿ ಓಟು ಹಾಕಿಸಿದ್ದೆ. ಯಾರಿಗೆ ಹಾಕಿದಿರಿ ಅಂದೆ. "ಯಾಂಗ್‌ಗೆ ಮಾತ್ರ. ಎರಡು ಕಡೆ ಗುರುತು ಹಾಕಿದರೆ ಓಟು ಕೆಟ್ಟುಹೋಗುತ್ತೆ ಅಲ್ವಾ" ಅಂದರು. ಅವರು ಊರಿನಲ್ಲಿ ಬ್ಯಾಲೆಟ್ ಪೇಪರ್ ಮೇಲೆ ಮುದ್ರೆ ಒತ್ತಿದ ಕಾಲದವರು. ಅಲ್ಲಿ ಎರಡು ಮುದ್ರೆ ಬಿದ್ದರೆ ಅದು ಕುಲಗೆಟ್ಟ ಮತ. ನಲವತ್ತು ವರ್ಷ ಸರಿಯಾಗಿ ಕಲಿತದ್ದನ್ನೇ ಅವರು ಇಲ್ಲಿಯೂ ಪಾಲಿಸಿದ್ದರು. ತಪ್ಪು ನನ್ನದು. ಓಟು ಹಾಕಿ ಅಂತ ಮೂರು ಸಲ ಹೇಳಿದೆ. ಐದೂ ಸಾಲು ತುಂಬಿ ಅಂತ, ತುಂಬಿದರೆ ಮೊದಲಿನವರಿಗೆ ಏನೂ ನಷ್ಟವಿಲ್ಲ ಅಂತ ಕೂತು ಹೇಳಲಿಲ್ಲ. ಒಬ್ಬರ ಹೆಸರನ್ನೇ ಐದು ಸಲ ತುಂಬಿದರೂ ಅದು ಒಂದೇ ಓಟು ಅಂತಲೂ ಹೇಳಬೇಕಿತ್ತು. ಆಂಟಿಗೆ ನಾನು ಆ 1,40,000ದ ವಿಷಯ ಹೇಳಲಿಲ್ಲ.

ಜುಲೈ 7ರ ಬೆಳಿಗ್ಗೆ ಸೆಂಟ್ರಲ್ ಪಾರ್ಕ್‌ನಲ್ಲಿ, ಮಹಿಳಾ ಹಕ್ಕುಗಳ ಹೋರಾಟಗಾರ್ತಿಯರ ಪ್ರತಿಮೆಯ ಮುಂದೆ ನಿಂತು ಗಾರ್ಸಿಯಾ ಸೋಲು ಒಪ್ಪಿಕೊಂಡರು. ನಾನು ಲ್ಯಾಬ್‌ನಲ್ಲಿ ಕೆಲಸದ ನಡುವೆ ಫೋನಿನಲ್ಲಿ ನೋಡಿದೆ. ಅವರ ದನಿ ನಡುಗಲಿಲ್ಲ. ಈ ಊರಿಗೆ ಮಹಿಳೆ ಮೇಯರ್ ಆಗುವುದಕ್ಕೆ ಇಷ್ಟು ಹತ್ತಿರ ಯಾರೂ ಬಂದಿರಲಿಲ್ಲ ಅಂದರು. ಪಕ್ಕದ ಟೇಬಲ್‌ನ ಸಹೋದ್ಯೋಗಿ ಟಿಶ್ಯೂ ತಂದುಕೊಟ್ಟರು. ಅವರು ಆಡಮ್ಸ್‌ಗೆ ಓಟು ಹಾಕಿದವರು.

ಪ್ರೈಮರಿ ಆದ ಮೇಲೆ ನವೆಂಬರ್‌ನಲ್ಲಿ ಮುಖ್ಯ ಚುನಾವಣೆ ಇರುತ್ತದೆ. ಅದಕ್ಕೆ ಈ ಐದು ಸಾಲಿನ ಪದ್ಧತಿ ಇಲ್ಲ, ಒಬ್ಬರಿಗೆ ಒಂದೇ ಓಟು. ಈಗಷ್ಟೇ ಕಲಿತವರು ಮತ್ತೆ ಗೊಂದಲ ಮಾಡಿಕೊಳ್ಳಬೇಡಿ.

ಮೊನ್ನೆ ಅಪ್ಪನ ಜೊತೆ ಮಾತಾಡಿದೆ. ಈಗ ಸಂಜೆ ರಸ್ತೆಯ ಕೊನೆಯ ತನಕ ನಡೆಯುತ್ತಾರಂತೆ. 7,197 ಅಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಆಂಟಿಗೆ ಮುಂದಿನ ಸಲ ನಾನೇ ಫೋನ್ ಮಾಡಿ ಹೇಳ್ತೀನಿ" ಅಂದರು. ಗಂಡ ಪಕ್ಷ ಬದಲಾವಣೆಯ ಫಾರಂ ತುಂಬಿ ಮೇಜಿನ ಮೇಲೆ ಇಟ್ಟಿದ್ದರು. ಅದನ್ನು ನಾನೇ ತೆಗೆದುಕೊಂಡು ಹೋಗಿ ಅಂಚೆ ಡಬ್ಬಿಗೆ ಹಾಕಿ ಬಂದೆ.